ತಿರುಪು ಮಲಗಿದೆಯಾ?

ನವೆಂಬರ್ 2, ಗುರುವಾರ

ಇವತ್ತು ಅಡುಗೆಮನೆ ಮುಳುಗಿತು. ಬಟ್ಟೆ ಒಗೆಯುವ ಯಂತ್ರದ ಹಿಂದಿನ ಕೊಳವೆ ಹರಿದು ನೆಲದ ತುಂಬ ನೀರು, ನೀರಿನ ಮೇಲೆ ನೊರೆ, ನೊರೆಯ ಮೇಲೆ ಲೆಂಪಿಯ ಒಂಟಿ ಚಪ್ಪಲಿ. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟುತ್ತಿದ್ದರು.

ಇದರಲ್ಲಿ ಚಪ್ಪಲಿಯೊಂದೇ ನಿಜ. ಒಂದು ಲೋಟ ನೀರಿಗೆ ಪಾತ್ರೆ ಸೋಪು ಕದಡಿ ಯಂತ್ರದ ಮುಂದೆ ಚೆಲ್ಲಿದವನು ನಾನು, ಚಪ್ಪಲಿ ಇಟ್ಟವನು ನಾನು, "ನೀರು! ನೀರು!" ಎಂದು ಬಾಯಿ ಬಡಿದುಕೊಂಡವನೂ ನಾನು. ಎಲ್ಯಾಸ್ ಹೊದಿಕೆ ಸಮೇತ ಓಡಿ ಬಂದು, ಅದೇ ಹೊದಿಕೆಯಿಂದ ನೆಲ ಒರೆಸತೊಡಗಿದ. ಕಾಲಿಗೆ ಒಂದೇ ಉಣ್ಣೆಯ ಕಾಲುಚೀಲ. ನಾನು ಕುರ್ಚಿ ಹಿಡಿದುಕೊಂಡು ನಕ್ಕೆ.

"ಅಜ್ಜ, ನಿಂಗೆ ಅರವತ್ತೆಂಟಾ, ಆರಾ?"

"ಎಂಟು ಮರೆತೋಗಿದೆ ಕಣೋ, ಆರು ಮಾತ್ರ ನೆನಪಿದೆ."

ಅವನೂ ನಕ್ಕ. ಆಮೇಲೆ ಸಿಂಕಿನ ಹತ್ತಿರ ಹೋಗಿ ನಲ್ಲಿಯ ಪಕ್ಕದ, ಯಂತ್ರಕ್ಕೆ ನೀರು ಬಿಡುವ ಚಿಕ್ಕ ತಿರುಪನ್ನು ಮುಟ್ಟಿ ನೋಡಿದ.

ಹೊಸ ಪುಸ್ತಕ, ಆದ್ದರಿಂದ ನನಗೆ ನಾನೇ ಪರಿಚಯ ಹೇಳಿಕೊಳ್ಳಬೇಕು. ಮೂವತ್ತೆಂಟು ವರ್ಷ ಯೊಯೆನ್ಸೂ ಊರಿನ ಕೊಳಾಯಿಗಳನ್ನು ರಿಪೇರಿ ಮಾಡಿದ ಓಯ್ವಾ ನಾನು, ಈಗ ಇತಿಹಾಸದ ವಿದ್ಯಾರ್ಥಿ. ವಿದ್ಯಾರ್ಥಿಗಳ ವಸತಿಯಲ್ಲಿ ಮೂರು ಕೋಣೆ, ಒಂದು ಅಡುಗೆಮನೆ. ಒಂದರಲ್ಲಿ ನಾನು. ಇನ್ನೊಂದರಲ್ಲಿ ಎಲ್ಯಾಸ್, ಇಪ್ಪತ್ತು ವರ್ಷ, ಅರಣ್ಯಶಾಸ್ತ್ರ. ಮೂರನೆಯದರಲ್ಲಿ ಲೆಂಪಿ, ನರ್ಸ್ ಆಗಲಿರುವವಳು. ಇಬ್ಬರೂ ನನ್ನನ್ನು ಅಜ್ಜ ಎನ್ನುತ್ತಾರೆ, ನೆಂಟಸ್ತಿಕೆಯೇನಿಲ್ಲ. ಯಂತ್ರ ನನ್ನದು, ಒಗೆಯುವುದು ಮೂವರೂ. ಹೆಂಡತಿ ಹಿಲ್ಕಾ ತೀರಿಕೊಂಡ ಮೇಲೆ ನನಗೆ ಉಳಿದ ಒಗೆತನ ಅದೊಂದೇ.

ನವೆಂಬರ್ 6, ಸೋಮವಾರ

ಫ್ರಿಜ್ ಬಾಗಿಲ ಮೇಲೆ ವಸತಿ ಕಚೇರಿಯ ಹಾಳೆ ಅಂಟಿಸಿದೆ. ಸ್ವಂತ ಯಂತ್ರ ಇಟ್ಟುಕೊಳ್ಳಬಹುದು. ಪ್ರತಿ ಒಗೆತ ಮುಗಿದ ಮೇಲೆ ಯಂತ್ರಕ್ಕೆ ನೀರು ಬಿಡುವ ತಿರುಪನ್ನು ಮುಚ್ಚಬೇಕು. ಮುಚ್ಚದೆ ನೀರು ಹರಿದರೆ ಕೊನೆಗೆ ಒಗೆದವರೇ ಹೊಣೆ, ಕೋಣೆ ಬಿಡಬೇಕು. ನಿಯಮದಲ್ಲಿ ಎರಡು ಅಕ್ಷರ ಯಮನವೇ ಎಂದು ನಾನು ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ತಿರುಪಿನ ಹಿಡಿ ಅಡ್ಡ ಇದ್ದರೆ ಮುಚ್ಚಿದೆ, ನೆಟ್ಟಗೆ ನಿಂತರೆ ತೆರೆದಿದೆ. ಈ ಮನೆಯಲ್ಲಿ ನಾವು ಮಲಗಿದೆ, ಎದ್ದಿದೆ ಎನ್ನುತ್ತೇವೆ. ಇದು ಎಲ್ಯಾಸನ ಮಾತು. ಕಾಡು ಓದುವ ಹುಡುಗನಿಗೆ ಕಬ್ಬಿಣಕ್ಕೂ ಜೀವ.

ಅವನು ಬೆಳಿಗ್ಗೆ ಒಗೆದು, ತಿರುಪು ಮಲಗಿಸಿ, ತರಗತಿಗೆ ಹೋದ. ನಾನು ಎಬ್ಬಿಸಿದೆ. ಮಧ್ಯಾಹ್ನ ಬಂದವನ ಮುಖ ನೋಡಬೇಕಿತ್ತು.

"ಅಜ್ಜ! ತಿರುಪು ಎದ್ದಿತ್ತು!"

"ಕೊನೆಗೆ ಒಗೆದೋರ್ಯಾರು?"

"ನಾನೇ. ಆದ್ರೆ ನಾನು ಮಲಗ್ಸಿದ್ದೆ."

"ಮಲಗಿದ್ದು ತಾನಾಗೇ ಏಳತ್ತೇನೋ? ನಮ್ಮನೆ ತಿರುಪಿಗೆ ನಿದ್ದೆಯಲ್ಲಿ ನಡೆಯೋ ರೋಗ ಬಂತು ಅನ್ನು."

ಮರ ಓದುವವನಿಗೆ ಮರೆವು ಒಗ್ಗುವುದಿಲ್ಲ. ಸಂಜೆವರೆಗೂ ತಲೆ ಕೆರೆದುಕೊಂಡ. ಒಳ್ಳೆಯ ದಿನ.

ನವೆಂಬರ್ 9, ಗುರುವಾರ

ಮತ್ತೆ ಎಬ್ಬಿಸಿದೆ. ಎರಡನೆಯ ಸಲ.

ಗುರುವಾರವಾದ್ದರಿಂದ ಇಲ್ಲಿನ ರೂಢಿಯಂತೆ ಬಟಾಣಿ ಸಾರು, ಆಮೇಲೆ ದೋಸೆ, ಅದರ ಮೇಲೆ ಸ್ಟ್ರಾಬೆರಿ ಪಾಕ. ಸಾರಿಗೂ ದೋಸೆಗೂ ನಡುವೆ ಎಲ್ಯಾಸ್ ಮೂರು ಸಲ ಎದ್ದು ತಿರುಪು ಮುಟ್ಟಿದ. "ಅದಕ್ಕೊಂದು ಜೋಗುಳ ಹಾಡ್ಬಿಡು" ಎಂದಳು ಲೆಂಪಿ. ಎಲ್ಲರೂ ನಕ್ಕೆವು. ಅವನು ಸ್ವಲ್ಪ ತಡವಾಗಿ ನಕ್ಕ.

ಕಿಟಕಿಯ ಕಟ್ಟೆಯ ಮೇಲೆ ಅವನ ಜಾಡಿಗಳು, ಜಾಡಿಗಳಲ್ಲಿ ಬೋಳು ಕಡ್ಡಿಗಳು. ಮೂವತ್ತನೇ ತಾರೀಕು ಪರೀಕ್ಷೆ: ಎಲೆ ಉದುರಿದ ಅರವತ್ತು ಕಡ್ಡಿ ಮುಂದಿಡುತ್ತಾರಂತೆ, ಮೊಗ್ಗು ನೋಡಿ ಯಾವ ಮರವೆಂದು ಹೇಳಬೇಕು. ಕಳೆದ ವರ್ಷ ಬಿದ್ದಿದ್ದಾನೆ. ಈ ಸಲವೂ ಬಿದ್ದರೆ ಓದು ಬಿಟ್ಟು ನುರ್ಮೆಸ್‌ಗೆ ಹೋಗಿ ಮಾವನ ಹಿಮ ತಳ್ಳುವ ಗಾಡಿ ಓಡಿಸಬೇಕು. ನನಗೂ ಕಲಿಸಿದ. ಆಲ್ಡರ್ ಮೊಗ್ಗಿಗೆ ತೊಟ್ಟಿರುತ್ತದೆ, ಆಸ್ಪೆನ್ ಮೊಗ್ಗು ಚೂಪು. ಕಡ್ಡಿ ಹಿಡಿದರೆ ಅವನು ಎರಡನೆಯ ಸಲ ನೋಡುವುದಿಲ್ಲ. ಹತ್ತಕ್ಕೆ ಹತ್ತು ಹೇಳಿದ.

ನವೆಂಬರ್ 14, ಮಂಗಳವಾರ

ತಿರುಪು ಎದ್ದಿತ್ತು. ನಾನಲ್ಲ.

ಹುಡುಗ ಸೇಡು ತೀರಿಸುತ್ತಿದ್ದಾನೆ ಎಂದುಕೊಂಡು ಖುಷಿಯಾಯಿತು. ಒಬ್ಬ ಒಳ್ಳೆಯ ಎದುರಾಳಿ ಸಿಕ್ಕು ಎಷ್ಟು ವರ್ಷವಾಯಿತೋ. ಹಿಲ್ಕಾ ಒಮ್ಮೆ ನನ್ನ ಎಲ್ಲ ಪ್ಯಾಂಟಿನ ಜೇಬುಗಳನ್ನೂ ಹೊಲಿದಿಟ್ಟಿದ್ದಳು.

ಆದರೆ ಮಧ್ಯಾಹ್ನ ಬಾಗಿಲ ಸಂದಿಯಿಂದ ನೋಡಿದೆ. ಎಲ್ಯಾಸ್ ಸಿಂಕಿನ ಮುಂದೆ ನಿಂತು ತಿರುಪನ್ನು ಎಬ್ಬಿಸುತ್ತಾನೆ, ಮಲಗಿಸುತ್ತಾನೆ. ಎಬ್ಬಿಸುತ್ತಾನೆ, ಮಲಗಿಸುತ್ತಾನೆ. ಮಲಗಿದೆಯೆಂದು ಖಾತ್ರಿಯಾಗಲು ಎಬ್ಬಿಸಿ ನೋಡಬೇಕಲ್ಲ! ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಮಾತಾಡುತ್ತ ಹೊರಗೆ ಹೋದ. ತಿರುಪು ಎದ್ದೇ ಇತ್ತು.

ನಾನೇ ಮಲಗಿಸಿದೆ. ಯಂತ್ರವನ್ನು ಸ್ವಲ್ಪ ಮುಂದಕ್ಕೆಳೆದು ಹಿಂದೆ ಇಣುಕಿದೆ. ರಬ್ಬರ್ ಕೊಳವೆಗೆ ಹದಿನಾಲ್ಕು ವರ್ಷ. ಹತ್ತಕ್ಕೆ ಬದಲಿಸಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಬಾಗಿದ ಕಡೆ ಕಿರುಬೆರಳ ತುದಿಯಷ್ಟು ಉಬ್ಬಿದೆ. ವಾರದ ಕೊನೆಗೆ ಹೊಸದು ಹಾಕುತ್ತೇನೆ.

ನವೆಂಬರ್ 17, ಶುಕ್ರವಾರ

ಎಲ್ಯಾಸ್ ಫೋನು ತೋರಿಸಿದ. ನಲವತ್ತಮೂರು ಫೋಟೋ. ಎಲ್ಲವೂ ತಿರುಪಿನದೇ, ಎಲ್ಲದರಲ್ಲೂ ಮಲಗಿದೆ.

"ನೋಡು ಅಜ್ಜ, ಇದು ಇವತ್ತು ಬೆಳಿಗ್ಗೇದು. ಮಲಗಿದೆ ತಾನೆ? ನಿನ್ ಕಣ್ಣಿಗೂ ಮಲಗಿದೆ ತಾನೆ?"

"ಗೊರಕೆ ಹೊಡೀತಿದೆ" ಎಂದೆ.

ಅವನು ನಗಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ಮತ್ತೆ ನೋಡಿದ.

ನವೆಂಬರ್ 21, ಮಂಗಳವಾರ

ರಾತ್ರಿ ಬಿದ್ದ ಹಿಮ ಹಾಗೇ ನಿಂತಿದೆ. ಅಡುಗೆಮನೆ ಕಿಟಕಿಯಿಂದ ಬಸ್ ನಿಲ್ದಾಣದವರೆಗೆ ಬಿಳಿ ಹಾಳೆ. ಆ ಹಾಳೆಯ ಮೇಲೆ ಎಲ್ಯಾಸನ ಬೂಟಿನ ಗುರುತು: ಹೋಗಿದ್ದು, ಬಂದಿದ್ದು, ಹೋಗಿದ್ದು, ಬಂದಿದ್ದು, ಹೋಗಿದ್ದು. ಬೇರೆ ಯಾರೂ ಅಲ್ಲಿ ನಡೆದಿರಲಿಲ್ಲವಾದ್ದರಿಂದ ಓದಲು ಸುಲಭ.

ಮೂರನೆಯ ಸಲ ಬಂದಾಗ ನಾನು ಕಾಫಿ ಹಾಕುತ್ತಿದ್ದೆ. ಬೂಟು ಕಳಚದೆ ಒಳಗೆ ಬಂದ. ಬೂಟಿನಲ್ಲೇ! ಈ ದೇಶದಲ್ಲಿ ಮನೆಗೆ ಬೆಂಕಿ ಬಿದ್ದರೂ ಬೂಟು ಕಳಚಿಯೇ ಒಳಗೆ ಬರುತ್ತಾರೆ.

"ಮಲಗಿದೆಯಾ ಅಜ್ಜ?"

"ಮಲಗಿದೆ ಕಣಪ್ಪ. ನೀನು ಈಗ ತಾನೆ ನೋಡ್ಕೊಂಡು ಹೋದ್ಯಲ್ಲ."

"ನೋಡ್ದೆ. ಆದ್ರೆ ನೋಡಿದ್ದೀನಿ ಅಂತ ಅನ್ಸಲ್ಲ."

ಅವನ ಬೆರಳ ಗಂಟುಗಳ ಮೇಲೆ ಚರ್ಮ ಒಡೆದಿದೆ. ಚಳಿಗೆ ಇರಬೇಕು.

ಯಂತ್ರದ ಕೊಳವೆ ತರಲು ಹೋಗಬೇಕಿತ್ತು, ಹಿಮದಿಂದ ಹೋಗಲಿಲ್ಲ.

ನವೆಂಬರ್ 26, ಭಾನುವಾರ

ಭಾನುವಾರ ಇಡೀ ಮೆಟ್ಟಿಲಸಾಲಿನಲ್ಲಿ ಯಂತ್ರಗಳು ಗುಂಯ್ಗುಡುತ್ತವೆ. ಪ್ರತಿ ಮನೆಯಲ್ಲೂ ಯಾರದೋ ಅಮ್ಮ ಬೇಡವೆಂದು ಬಿಟ್ಟ ಯಂತ್ರ. ಹಿಂಡುವ ಸುತ್ತು ಬಂದಾಗ ಇಡೀ ಕಟ್ಟಡವೇ ಹಲ್ಲು ಕಡಿಯುತ್ತದೆ.

ಲೆಂಪಿ ತೇವದ ಬಟ್ಟೆ ಹರವುತ್ತ, ನನ್ನ ಕಡೆ ನೋಡದೆ ಕೇಳಿದಳು.

"ತಿರುಪು ಎಬ್ಬಿಸ್ತಿರೋದು ನೀನಾ?"

"ಎರಡೇ ಸಲ. ಆಮೇಲೆ ನಿಲ್ಸಿದ್ದೀನಿ. ಈಗ ಅವನೇ ಎಬ್ಬಿಸ್ಕೊಳ್ತಿದ್ದಾನೆ, ನಾನು ಕಣ್ಣಾರೆ ನೋಡಿದ್ದೀನಿ."

"ಅವನಿಗೆ ಗೊತ್ತಾ, ಮೊದಲೆರಡು ನಿಂದು ಅಂತ?"

"ಗೊತ್ತಾದ್ರೆ ತಮಾಷೆ ಎಲ್ಲಿ ಉಳೀತು?"

ಅವಳು ದಿಂಬಿನ ಚೀಲವನ್ನು ಫಟ್ಟನೆ ಒದರಿದಳು. ನೀರು ನನ್ನ ಕನ್ನಡಕಕ್ಕೆ ಹಾರಿತು.

"ಅಜ್ಜ, ಆಸ್ಪತ್ರೆಯಲ್ಲಿ ಇಂಥೋರನ್ನ ನಾನು ನೋಡ್ತೀನಿ. ಅವನಿಗೆ ಈಗ ಅವನ ಕೈ ಮೇಲೇ ನಂಬಿಕೆ ಇಲ್ಲ. ನೀನು 'ನಾನು ಮಾಡ್ದೆ' ಅಂತ ಒಂದು ಮಾತು ಹೇಳಿದ್ರೆ ನಾಳೇನೇ ಬಸ್ ಹತ್ತಾನೆ. ಗುರುವಾರ ಪರೀಕ್ಷೆ."

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ, ಮಹಾತಾಯಿ."

ಸಂಜೆ ಅವನ ಬಾಗಿಲವರೆಗೆ ಹೋದೆ. ಒಳಗೆ ಕಡ್ಡಿಗಳ ಹೆಸರು ಹೇಳಿಕೊಳ್ಳುತ್ತಿದ್ದ: ಬರ್ಚ್, ಆಲ್ಡರ್, ರೋವನ್, ಮಲಗಿದೆ, ಆಸ್ಪೆನ್, ಮಲಗಿದೆ. ಓದುವವನನ್ನು ತಡೆಯಬಾರದು ಎಂದು ಹಿಂತಿರುಗಿದೆ.

ನವೆಂಬರ್ 30, ಗುರುವಾರ

ಪರೀಕ್ಷೆ ಒಂಬತ್ತಕ್ಕೆ. ಅವನು ಏಳಕ್ಕೆ ಹೊರಟ, ಏಳೂ ಕಾಲಿಗೆ ಬಂದ, ಏಳೂ ಇಪ್ಪತ್ತಕ್ಕೆ ಹೊರಟ. ಹೀಗೇ. ನಾನು ಸಿಂಕಿನ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, "ನಾನು ಕಾಯ್ತೀನಿ, ನೀನು ಹೋಗು" ಎಂದೆ. ಎಂಟೂ ಮುಕ್ಕಾಲಿಗೆ ಮತ್ತೆ ಬಂದಾಗ ಅವನ ಅಂಗಿ ಬೆವರಿಗೆ ಅಂಟಿತ್ತು. ಹೊರಗೆ ಮೈನಸ್ ಹನ್ನೆರಡು.

"ನೀನು ಎದ್ದು ಹೋಗಿಲ್ಲ ತಾನೆ?"

"ಇಲ್ಲ."

"ನೀನು ಎದ್ದಿದ್ದು ನಿಂಗೇ ಗೊತ್ತಾಗಿಲ್ದೆ ಇದ್ರೆ?"

ಆಗ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಒಂಬತ್ತು ಹೊಡೆಯಿತು, ಅವನು ನೆಲದ ಮೇಲೆ ಕೂತ. ಬೆಳಕಾಗುತ್ತಿತ್ತು.

ಡಿಸೆಂಬರ್ 1, ಶುಕ್ರವಾರ

"ಅವನಿಗೆ ಹೇಳಿದ್ಯಾ?" ಎಂದಳು ಲೆಂಪಿ.

"ಹೂಂ" ಎಂದೆ.

ಡಿಸೆಂಬರ್ 3, ಭಾನುವಾರ

ಕ್ರಿಸ್‌ಮಸ್‌ಗೆ ಮುಂಚಿನ ಮೊದಲ ಭಾನುವಾರ. ಲೆಂಪಿ ಕಿಟಕಿಗೆ ಕಾಗದದ ನಕ್ಷತ್ರ ದೀಪ ಕಟ್ಟಿದಳು. ಮಸಾಲೆ ಹಾಕಿ ಕಾಯಿಸಿದ ದ್ರಾಕ್ಷಿರಸ ಕುಡಿದೆವು. ಎಲ್ಯಾಸನ ಮೇಷ್ಟ್ರು ಒಳ್ಳೆಯವರು, ಹನ್ನೆರಡನೇ ತಾರೀಕಿಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಹುಡುಗ ಎರಡು ಬಟ್ಟಲು ಕುಡಿದ, ತಿರುಪು ಮುಟ್ಟಿದ್ದು ಒಂದೇ ಸಲ.

ಹೇಳುತ್ತೇನೆ. ಆದರೆ ಎದುರು ಕೂತು ತಲೆ ತಗ್ಗಿಸಿ ಹೇಳುವುದು ನನ್ನ ಜಾಯಮಾನವಲ್ಲ. ನನ್ನದೇ ರೀತಿಯಲ್ಲಿ ಹೇಳುತ್ತೇನೆ. ನಕ್ಕು ನಕ್ಕು ಅವನ ಹೊಟ್ಟೆ ಹಿಡಿದುಕೊಳ್ಳಬೇಕು, ಹಾಗೆ. ಉಪಾಯ ಹೊಳೆದಿದೆ.

ಕೊಳವೆಯ ಉಬ್ಬು ಈಗ ಹೆಬ್ಬೆರಳಷ್ಟಾಗಿದೆ. ತಿರುಪು ಮಲಗಿರುವವರೆಗೆ ಅದಕ್ಕೆ ನೀರಿನ ಒತ್ತಡವಿಲ್ಲ. ಹಬ್ಬ ಕಳೆದ ಮೇಲೆ ಬದಲಿಸಿದರಾಯಿತು.

ಡಿಸೆಂಬರ್ 5, ಮಂಗಳವಾರ

ನೀರು ಬಂತು. ಈ ಸಲ ನಿಜ.

ಬೆಳಿಗ್ಗೆ ಎಲ್ಯಾಸ್ ಒಗೆದು ಹೋಗಿದ್ದ. ಲೆಂಪಿ ಆಸ್ಪತ್ರೆಯಲ್ಲಿ. ನಾನು ಎರಡೂ ಕಾಲಿಗೆ ಕನ್ನಡಕ ಮರೆತೆನೆಂದು ಮನೆಗೆ ಬಂದು ಹೋದೆ, ಅಷ್ಟೇ. ನಾಲ್ಕಕ್ಕೆ ತರಗತಿ ಮುಗಿಸಿ ಬಂದಾಗ ಹೊರಗೆಲ್ಲ ಕತ್ತಲು. ಬಾಗಿಲು ತೆಗೆದರೆ ಸದ್ದು. ಆ ಸದ್ದು ನನಗೆ ಗೊತ್ತು, ಮೂವತ್ತೆಂಟು ವರ್ಷ ಕೇಳಿದ್ದೇನೆ. ಕೊಳವೆ ಹಾವಿನ ಹಾಗೆ ನೆಲಕ್ಕೆ ಬಡಿಯುತ್ತಿತ್ತು. ನೀರು ಪಾದ ಮುಳುಗುವಷ್ಟು. ಲೆಂಪಿಯ ಚಪ್ಪಲಿ ತೇಲುತ್ತಿತ್ತು.

ತಿರುಪು ಮಲಗಿಸಿದೆ. ಸಿಂಕಿನ ಸುತ್ತ ಇದ್ದದ್ದನ್ನೆಲ್ಲ ತೆಗೆದೆ.

ಎಲ್ಯಾಸ್ ಬಂದ. ಕೂಗಲಿಲ್ಲ. ನೀರಿನಲ್ಲಿ ಬೂಟು ಸಮೇತ ನಿಂತು, "ಕೊನೆಗೂ" ಎಂದ.

ಕೆಳಗಿನ ಮನೆಯಲ್ಲಿ ಚಾವಣಿಯ ಒಂದು ತುಂಡು ಮಂಚದ ಮೇಲೆ ಬಿದ್ದಿದೆ. ಮಂಚದಲ್ಲಿ ಯಾರೂ ಇರಲಿಲ್ಲ.

ಡಿಸೆಂಬರ್ 6, ಬುಧವಾರ

ಈ ದೇಶದ ಸ್ವಾತಂತ್ರ್ಯ ದಿನ, ಕಚೇರಿಗೆ ರಜೆ. ತುರ್ತು ಕೆಲಸದವನು ಬಂದು ಅಡುಗೆಮನೆಯ ವಿದ್ಯುತ್ ಕಡಿದು, ನೆಲ ಒಣಗಿಸುವ ಬೀಸಣಿಗೆಯನ್ನು ಎಲ್ಯಾಸನ ಕೋಣೆಯಿಂದ ವೈರು ಎಳೆದು ಹಚ್ಚಿ ಹೋದ. ಸಂಜೆ ಆರಕ್ಕೆ ಎಲ್ಲ ಮನೆಗಳಂತೆ ನಾವೂ ಕಿಟಕಿಯಲ್ಲಿ ಎರಡು ಮೇಣದ ಬತ್ತಿ ಹಚ್ಚಿದೆವು. ಕಡ್ಡಿಗಳ ಜಾಡಿಗಳ ನೆರಳು ಗೋಡೆಯ ಮೇಲೆ ಕಾಡಿನ ಹಾಗೆ ಬಿತ್ತು.

"ಫೋಟೋ ತೆಗೆದಿದ್ದೆ, ಎಂಟೂ ಹತ್ತಕ್ಕೆ" ಎಂದ ಎಲ್ಯಾಸ್. "ಮಲಗಿದೆ. ಆದ್ರೆ ಫೋಟೋ ತೆಗೆದ್ಮೇಲೆ ಮತ್ತೆ ಮುಟ್ದೆ ಅನ್ಸುತ್ತೆ. ಮುಟ್ಟಿರ್ತೀನಿ. ನಾನು ಯಾವಾಗ್ಲೂ ಮುಟ್ತೀನಲ್ಲ ಅಜ್ಜ?"

"ಗೊತ್ತಿಲ್ಲಪ್ಪ" ಎಂದೆ.

ಡಿಸೆಂಬರ್ 8, ಶುಕ್ರವಾರ

ವಸತಿ ಕಚೇರಿಯಿಂದ ಮಿರ್ಯಾ ಎಂಬ ಹೆಂಗಸು ಬಂದಳು. ಒಳ್ಳೆಯವಳೇ. ಕಾಲುಚೀಲದಲ್ಲಿ ಒದ್ದೆ ನೆಲದ ಮೇಲೆ ನಡೆದಳು. ಒಡೆದ ಕೊಳವೆ ನೋಡಿ, "ಹಳೇದು" ಎಂದಳು.

"ಹಳೇದು, ನಂದೇ. ಬದಲಿಸ್ಬೇಕಿತ್ತು" ಎಂದೆ. ಅಷ್ಟು ಒಪ್ಪಿಕೊಳ್ಳಲು ಕಷ್ಟವಾಗಲಿಲ್ಲ.

"ಹಳೇದಾದ್ರೂ ತಿರುಪು ಮುಚ್ಚಿದ್ರೆ ಹೀಗಾಗ್ತಿರಲಿಲ್ಲ. ಕೊನೆಗೆ ಒಗೆದೋರ್ಯಾರು?"

"ನಾನು" ಎಂದ ಎಲ್ಯಾಸ್. "ನಂಗೆ ಅಭ್ಯಾಸ ಇದೆ, ತೆರೆದು ಬಿಡೋದು. ಎಷ್ಟೋ ಸಲ ಆಗಿದೆ. ಅಜ್ಜನ್ನೇ ಕೇಳಿ."

ಮಿರ್ಯಾ ನನ್ನ ಕಡೆ ತಿರುಗಿದಳು. "ಹೌದಾ?"

ಎಷ್ಟೋ ಸಲ ಆಗಿದ್ದು ನಿಜವಲ್ಲವೇ? ನಾನೇ ಬಾಗಿಲ ಸಂದಿಯಿಂದ ನೋಡಿದ್ದೆ.

"ಒಂದೆರಡು ಸಲ ನೋಡಿದ್ದೀನಿ" ಎಂದೆ. ಅವಳು ಬರೆದುಕೊಂಡಳು. ಕೆಳಗೆ ನನ್ನ ಸಹಿ.

ಡಿಸೆಂಬರ್ 11, ಸೋಮವಾರ

ಎಲ್ಯಾಸ್ ಮಧ್ಯಾಹ್ನದ ರೈಲಿಗೆ ಹೋದ. ಕೋಣೆ ಬಿಡಬೇಕೆಂದು ಕಾಗದ ಬರುವ ಮುಂಚೆ ತಾನೇ ಬಿಟ್ಟ. ನಾಳಿನ ಪರೀಕ್ಷೆಯ ಮಾತೆತ್ತಿದೆ. "ಮರ ಯಾವ್ದು ಅಂತ ಹೇಳ್ಬಹುದು ಅಜ್ಜ, ಆದ್ರೆ ಹೇಳಿದ್ದು ಸರೀನಾ ಅಂತ ಯಾರನ್ನ ಕೇಳ್ಲಿ?" ಎಂದ. ಅವನ ಚೀಲ ಹೊತ್ತು ನಿಲ್ದಾಣದವರೆಗೆ ಹೋದೆ.

ರೈಲು ಹತ್ತುವಾಗ ಅವನು ನನ್ನನ್ನು ಅಪ್ಪಿಕೊಂಡ. "ನೀನೊಬ್ಬನೇ ನನ್ನ ಬೈಲಿಲ್ಲ" ಎಂದ.

ಡಿಸೆಂಬರ್ 14, ಗುರುವಾರ

ಯಂತ್ರವನ್ನು ಒಯ್ದರು. ಅದಿದ್ದ ಜಾಗ ನೆಲದ ಮೇಲೆ ಬೆಳ್ಳಗೆ ಚೌಕವಾಗಿದೆ. ಅದಕ್ಕೆ ನೀರು ಬರುತ್ತಿದ್ದ ಕೊಳವೆಯ ಬಾಯಿಗೆ ಹಿತ್ತಾಳೆ ಮುಚ್ಚಳ ಬಿಗಿದಿದ್ದಾರೆ. ಈಗ ತಿರುಪು ಎದ್ದರೂ ಮಲಗಿದರೂ ಒಂದೇ.

ತರಗತಿಗೆ ತಡವಾಯಿತು. ಬಸ್ ನಿಲ್ದಾಣದಿಂದ ಒಮ್ಮೆ ಹಿಂತಿರುಗಿ ಬರಬೇಕಾಯಿತು, ಅಡುಗೆಮನೆಯಲ್ಲಿ ಏನೋ ನೋಡುವುದಿತ್ತು. ಆಮೇಲೆ ಇನ್ನೊಮ್ಮೆ.

ಬಟಾಣಿ ಸಾರು ಮಾಡಿದೆ. ಲೆಂಪಿ ತನ್ನ ಕೋಣೆಯಲ್ಲೇ ತಿಂದಳು.

ಡಿಸೆಂಬರ್ 15, ಶುಕ್ರವಾರ

ಬೆಳಿಗ್ಗೆ ಲೆಂಪಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಸಿಂಕಿನ ಮುಂದೆ ನಿಂತಿದ್ದೆ.

"ಅಜ್ಜ, ಎಷ್ಟು ಹೊತ್ತಿಂದ ಅದನ್ನ ತಿರುಗಿಸ್ತಿದ್ದೀಯ?"

"ಈಗ ಬಂದೆ."

"ನಾನು ಸ್ನಾನ ಮಾಡೋ ಮುಂಚೇನೂ ಇಲ್ಲೇ ಇದ್ದೆ." ಹತ್ತಿರ ಬಂದು ನನ್ನ ಕೈಯನ್ನು ತಿರುಪಿನಿಂದ ಬಿಡಿಸಿದಳು. "ನೀನು ಅವನಿಗೆ ಹೇಳೇ ಇಲ್ಲ, ಅಲ್ವಾ?"

ಅವಳು ಕೆಲಸಕ್ಕೆ ಹೋದಳು. ಈ ಪುಸ್ತಕ ತೆಗೆದೆ.

ಐದನೇ ತಾರೀಕು ನಾನು ಕನ್ನಡಕ ಮರೆತಿರಲಿಲ್ಲ. ಎರಡೂ ಕಾಲಿಗೆ ಮನೆಗೆ ಬಂದದ್ದು ಎಲ್ಯಾಸನಿಗೆ ಹೇಳಲೆಂದು, ನನ್ನ ರೀತಿಯಲ್ಲಿ. ತಿರುಪನ್ನು ನೆಟ್ಟಗೆ ನಿಲ್ಲಿಸಿ, ಅದರ ಕೊರಳಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿದೆ. ಮೂರಕ್ಕೆ ಅವನು ಬರುತ್ತಾನೆ, ಎದ್ದ ತಿರುಪು ನೋಡಿ ಎದೆ ಹಾರುತ್ತದೆ, ಚೀಟಿ ಓದುತ್ತಾನೆ, ನಗುತ್ತಾನೆ. ಮೂರಕ್ಕೆ ಅವನು ಬರಲಿಲ್ಲ. ಅಂದು ಬೆಳಿಗ್ಗೆ ಒಂದು ಸಲವೂ ಹಿಂತಿರುಗದೆ ಬಸ್ ಹತ್ತಿದ್ದನಂತೆ, ಆ ಖುಷಿಗೆ ಕಡ್ಡಿ ಹುಡುಕಲು ನದಿಯ ದಂಡೆಗೆ ಹೋಗಿದ್ದನಂತೆ. ರೈಲು ನಿಲ್ದಾಣದಲ್ಲಿ ಹೇಳಿದ.

ಚೀಟಿ ಈ ಪುಸ್ತಕದ ಕೊನೆಯ ಪುಟದಲ್ಲಿದೆ, ಒಣಗಿ ಸುರುಟಿಕೊಂಡಿದೆ. ನೀರಿಗೆ ಅಕ್ಷರ ಕದಡಿರಬಹುದೆಂದು ಇಷ್ಟು ದಿನ ಬಿಚ್ಚಿ ನೋಡಿರಲಿಲ್ಲ. ಬಾಲ್‌ಪೆನ್ನಿನ ಅಕ್ಷರ ನೀರಿಗೆ ಹೋಗುವುದಿಲ್ಲ. ಪೂರ್ತಿ ಓದಬಹುದು: "ಎಲ್ಯಾಸ್, ಇದನ್ನ ಎಬ್ಬಿಸಿದ್ದು ನಾನು. ಮೊದಲನೇ ಸಲದಿಂದಲೂ. ನಿನ್ನ ಕೈಯಲ್ಲಿ ಏನೂ ದೋಷ ಇಲ್ಲ. ಅಜ್ಜ."

ಅಂದು ಅವನು ಒಳಗೆ ಬರುವಾಗಲೂ ಅದು ತಿರುಪಿಗೇ ನೇತಾಡುತ್ತಿತ್ತು. ಬಾಗಿಲ ಸದ್ದು ಕೇಳಿ ದಾರ ಕಿತ್ತು ಜೇಬಿಗೆ ಹಾಕಿಕೊಂಡೆ.